ಕನ್ನಡಕದ ಎತ್ತರದ ಹುಡುಗ



ಬಾಸ್ಕೆಟ್‌ಬಾಲ್ ಕಲಿಯುವ ಮಕ್ಕಳಿಗೆ ಮೈಕನ್ ಡ್ರಿಲ್ ಎಂಬ ಅಭ್ಯಾಸ ಕೊಡುತ್ತಾರೆ. ರಿಂಗಿನ ಕೆಳಗೇ ನಿಂತು ಬಲಗೈಯಲ್ಲಿ ಒಂದು ಸಲ, ಎಡಗೈಯಲ್ಲಿ ಒಂದು ಸಲ, ಚೆಂಡು ನೆಲಕ್ಕೆ ಬೀಳದ ಹಾಗೆ ಹಾಕುತ್ತಲೇ ಇರಬೇಕು. ಎರಡು ನಿಮಿಷಕ್ಕೆ ತೋಳು ಸೋತು ಹೋಗುತ್ತದೆ. ಆ ಹೆಸರು ಜಾರ್ಜ್ ಮೈಕನ್ ಅವರದು. 1950ರಲ್ಲಿ ಅಮೆರಿಕದ ಪತ್ರಕರ್ತರು ಆ ಅರ್ಧ ಶತಮಾನದ ಅತಿ ಶ್ರೇಷ್ಠ ಬಾಸ್ಕೆಟ್‌ಬಾಲ್ ಆಟಗಾರ ಎಂದು ಆರಿಸಿದ್ದು ಅವರನ್ನೇ. 2005ರ ಜೂನ್ 1ರಂದು, 80ನೆಯ ವಯಸ್ಸಿನಲ್ಲಿ, ತೀರಿಕೊಂಡರು. ಅವರ ದಾಖಲೆಗಳ ಪಟ್ಟಿ ಇಲ್ಲಿ ಬೇಡ. ಯಾವ ತಂಡಕ್ಕೂ ಬೇಡವಾಗಿದ್ದ ಕಾಲದ ಜಾರ್ಜ್ ಬಗ್ಗೆ ಬರೆಯುತ್ತೇನೆ.

ಅವನು ಹುಟ್ಟಿದ್ದು 1924ರ ಜೂನ್ 18ರಂದು, ಇಲಿನಾಯ್ ರಾಜ್ಯದ ಜೋಲಿಯೆಟ್ ಪಟ್ಟಣದಲ್ಲಿ. ತಂದೆಯ ಮನೆಯವರ ಮೂಲ ಕ್ರೊಯೇಷಿಯ, ತಾಯಿಯ ಕಡೆಯವರದು ಲಿಥುವೇನಿಯ. ಕೆಲಸ ಹುಡುಕಿ ಯೂರೋಪಿನಿಂದ ಬಂದ ಕಥೊಲಿಕರು ತುಂಬಿದ್ದ ಊರು ಅದು. ಕ್ರೊಯೇಷಿಯದವರಿಗೆ ಒಂದು ಚರ್ಚ್, ಸ್ಲೊವೇನಿಯದವರಿಗೆ ಇನ್ನೊಂದು. ಯಾವ ಭಾಷೆಯ ಪೂಜೆ ಎಷ್ಟು ಗಂಟೆಗೆ ಎಂದು ನೋಟೀಸ್ ಬೋರ್ಡ್ ನೋಡುವ ನಮಗೆ ಇದು ಬೇಗ ಅರ್ಥವಾಗುತ್ತದೆ.

ಮನೆಯವರು ಹೋಟೆಲು ನಡೆಸುತ್ತಿದ್ದರು. ಹುಡುಗನ ಮೊದಲ ಗೆಲುವು ಗೋಲಿ ಆಟದಲ್ಲಿ: ಹತ್ತರ ವಯಸ್ಸಿಗೆ ಇಡೀ ವಿಲ್ ಕೌಂಟಿಗೇ ಚಾಂಪಿಯನ್. ಅದರಿಂದ ಬೇಸ್‌ಬಾಲಿನ ಬೇಬ್ ರೂತ್ ಅವರನ್ನು ನೋಡುವ ಭಾಗ್ಯವೂ ಸಿಕ್ಕಿತು. ಗೋಲಿಗೆ ನೆಲದ ಹತ್ತಿರ ಕೂರಬೇಕು. ಆದರೆ ಈ ಹುಡುಗ ಬೆಳೆಯುತ್ತಲೇ ಹೋದ. ಜೊತೆಗೆ ಕಣ್ಣು ಮಂಜು, ದಪ್ಪ ಗಾಜಿನ ಕನ್ನಡಕ. ಸಾಲದ್ದಕ್ಕೆ ಒಂದು ಮೊಣಕಾಲು ಮುರಿದು ನುಚ್ಚಾಗಿ ಒಂದೂವರೆ ವರ್ಷ ಹಾಸಿಗೆಯಲ್ಲೇ ಕಳೆಯಬೇಕಾಯಿತು. ಓಡಾಡುವ ವಯಸ್ಸಿನಲ್ಲಿ ಒಂದೂವರೆ ವರ್ಷ!

ಹೈಸ್ಕೂಲಿನ ಓದು ಎರಡು ಕಡೆ ಹಂಚಿಹೋಯಿತು. ಊರಿನ ಕಥೊಲಿಕ ಹೈಸ್ಕೂಲಿನಲ್ಲಿ ಬಾಸ್ಕೆಟ್‌ಬಾಲ್ ಆಡಲು ಹೋದ. ಕನ್ನಡಕ ಹಾಕಿಕೊಂಡು ಆಡಲಾಗುವುದಿಲ್ಲ ಎಂದು ತಂಡದಿಂದ ಬಿಟ್ಟರು. ಕನ್ನಡಕ ತೆಗೆದರೆ ರಿಂಗೇ ಸರಿಯಾಗಿ ಕಾಣದು. ಹುಡುಗ ಏನು ಮಾಡಬೇಕಿತ್ತು?

ಇನ್ನೊಂದು ಕಡೆ ಷಿಕಾಗೊದ ಕ್ವಿಗ್ಲಿ ಕಿರು ಗುರುಮಠ. ಹೌದು, ಜಾರ್ಜ್‌ಗೆ ಗುರುಗಳಾಗುವ ಆಸೆ ಇತ್ತು. ನಮ್ಮಲ್ಲಿ ಕಿರು ಗುರುಮಠವೆಂದರೆ ಪೆಟ್ಟಿಗೆ ಕಟ್ಟಿಕೊಂಡು ಹೋಗಿ ಅಲ್ಲೇ ಉಳಿಯುವುದು. ಕ್ವಿಗ್ಲಿ ಹಾಗಲ್ಲ, ಹುಡುಗರು ಮನೆಯಿಂದ ಬಂದು ಹೋಗಿ ಓದುವ ಗುರುಮಠ. ಜೋಲಿಯೆಟ್‌ನಿಂದ ಷಿಕಾಗೊಗೆ ಸುಮಾರು 60 ಕಿಲೋಮೀಟರ್. ಅಷ್ಟು ದೂರ ಹೋಗಿ ಓದಿದರೂ ಅವನು ಗುರುಗಳಾಗಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಗುರುಮಠ ಬಿಟ್ಟು ಬಂದ ಹುಡುಗ ಎಂದರೆ ನಮ್ಮ ಚರ್ಚ್ ಅಂಗಳದಲ್ಲಿ ಪಿಸುಮಾತು ಶುರುವಾಗುತ್ತದೆ. ಏನೋ ಮಾಡಿರಬೇಕು, ಅವರೇ ಕಳಿಸಿರಬೇಕು ಎನ್ನುತ್ತಾರೆ. ಮನೆಯವರು ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ. ದೇವಕರೆ ಇದೆಯೋ ಇಲ್ಲವೋ ಎಂದು ಪರೀಕ್ಷಿಸಿ ನೋಡುವುದಕ್ಕೇ ಅಲ್ಲವೇ ಕಿರು ಗುರುಮಠ ಇರುವುದು? ಇಲ್ಲ ಎಂದು ತಿಳಿದರೆ ಅದೂ ಉತ್ತರವೇ.

ಆಮೇಲೆ ಜಾರ್ಜ್ ಸೇರಿದ್ದು ಷಿಕಾಗೊದ ಡಿಪಾಲ್ ವಿಶ್ವವಿದ್ಯಾಲಯ. ಹೆಸರು ನೋಡಿ: ನಮ್ಮ ಧರ್ಮಕೇಂದ್ರಗಳಲ್ಲಿ ಬಡವರಿಗೆ ಅಕ್ಕಿ ಹಂಚುವ ಸಭೆಗೆ ಯಾವ ಸಂತರ ಹೆಸರಿದೆಯೋ ಅದೇ ವಿನ್ಸೆಂಟ್ ದೆ ಪೌಲರ ಹೆಸರು. ನಡುವೆ ನೋಟರ್ ಡೇಮ್ ವಿಶ್ವವಿದ್ಯಾಲಯದ ಆಯ್ಕೆಗೂ ಹೋಗಿಬಂದ. ಅಲ್ಲಿನ ಕೋಚ್ ಜಾರ್ಜ್ ಕಿಯೋಗನ್ ಅವನ ತಡವರಿಕೆ ನೋಡಿ ವಾಪಸ್ ಕಳಿಸಿದರು. ಆಗ ಅಲ್ಲಿ ಸಹಾಯಕ ಕೋಚ್ ಆಗಿದ್ದವರು ರೇ ಮೈಯರ್. 1942ರಲ್ಲಿ ಅವರೇ ಡಿಪಾಲ್‌ಗೆ ಮುಖ್ಯ ಕೋಚ್ ಆಗಿ ಬಂದರು!

ಎತ್ತರ 2.08 ಮೀಟರ್, ನಾಚಿಕೆ ಅದಕ್ಕಿಂತ ದೊಡ್ಡದು. ಗುರುತ್ವ ಕೇಂದ್ರ ಮೇಲಿದ್ದಷ್ಟೂ ಸಮತೋಲ ಕಷ್ಟ ಎಂದು ನಾವು ಭೌತಶಾಸ್ತ್ರದಲ್ಲಿ ಓದಿದ್ದೇವೆ. ಅಂಥ ದೇಹವನ್ನು ಹೊತ್ತು ತಿರುಗಬೇಕಾದವನ ಪಾಡು ಪುಸ್ತಕದಲ್ಲಿಲ್ಲ. ಉದ್ದದವರು ಮೈಭಾರದವರು, ಈ ಆಟ ಅವರಿಗಲ್ಲ ಎಂದು ನಂಬಿದ್ದ ಕಾಲ ಬೇರೆ. ಮೈಯರ್ ಹಾಗೆ ನಂಬಲಿಲ್ಲ. ಹಗ್ಗ ಜಿಗಿಸಿದರು. ಬಾಕ್ಸಿಂಗ್‌ನವರ ಚೀಲಕ್ಕೆ ಗುದ್ದಿಸಿದರು. ಹೆಜ್ಜೆ ಹಗುರವಾಗಲಿ ಎಂದು ಡ್ಯಾನ್ಸ್ ಕಲಿಸಲು ಕಳಿಸಿದರು. ಆ ನಾಚಿಕೆಯ ಹುಡುಗ ಡ್ಯಾನ್ಸ್ ಕ್ಲಾಸಿನಲ್ಲಿ ನಿಂತದ್ದನ್ನು ನೆನೆದರೆ ನನಗೆ ನಗುವೂ ಬರುತ್ತದೆ, ಕರುಣೆಯೂ ಬರುತ್ತದೆ. ಇಷ್ಟರ ಜೊತೆಗೆ ರಿಂಗಿನ ಕೆಳಗೆ ಬಲಗೈ, ಎಡಗೈ, ಬಲಗೈ, ಎಡಗೈ. ಇಂದು ನಮ್ಮ ಮಕ್ಕಳು ಮಾಡುವ ಡ್ರಿಲ್ ಹುಟ್ಟಿದ್ದು ಹೀಗೆ. ಕೂನಿಕೊಂಡು ನಡೆಯುತ್ತಿದ್ದವನು ನೆಟ್ಟಗೆ ನಿಲ್ಲುವುದನ್ನು ಕಲಿತ.

1945ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಡಿಪಾಲ್ ತಂಡ ರೋಡ್ ಐಲೆಂಡ್ ತಂಡವನ್ನು 97-53ರಿಂದ ಸೋಲಿಸಿತು. ಎದುರಾಳಿಗಳೆಲ್ಲ ಸೇರಿ ಗಳಿಸಿದ್ದು 53. ಮೈಕನ್ ಒಬ್ಬನೇ ಗಳಿಸಿದ್ದೂ 53, ಕನ್ನಡಕ ಹಾಕಿಕೊಂಡೇ.