ಇರುಸು ಮುರಿದ ಕಾರಣ ಹುಡುಕಿದವನು

ಡೊಂಬಿವಲಿಯಿಂದ ಬೆಳಗಿನ ಲೋಕಲ್ ಹಿಡಿದು ಥಾಣೆಯಲ್ಲಿಳಿದು, ಅಲ್ಲಿಂದ ಇನ್ನೊಂದು ಗಾಡಿಯಲ್ಲಿ ಐರೋಲಿಗೆ ಹೋಗುವುದು ನನ್ನ ನಿತ್ಯದ ದಾರಿ. ತಿರುಗುವ ಯಂತ್ರಗಳ ಕಂಪನ ನೋಡಿ ಶಾಫ್ಟಿನಲ್ಲಿ ಬಿರುಕು ಇದೆಯೇ ಎಂದು ಹೇಳುವ ಸಾಫ್ಟ್‌ವೇರ್ ಬರೆಯುತ್ತೇನೆ. ಲೋಕಲ್‌ನಲ್ಲಿ ನಿಂತಾಗಲೆಲ್ಲ ಕಾಲ ಕೆಳಗೆ ತಿರುಗುವ ಇರುಸು ನೆನಪಾಗುತ್ತದೆ, ಅದರ ಜೊತೆ ವಿಲಿಯಂ ರ‍್ಯಾಂಕಿನ್ ಕೂಡ. ಉಗಿ ಸ್ಥಾವರಗಳ ರ‍್ಯಾಂಕಿನ್ ಸೈಕಲ್ ಪರೀಕ್ಷೆಗೆ ಬರುತ್ತದೆ, ಆದ್ದರಿಂದ ಹೆಸರು ಎಂಜಿನಿಯರುಗಳಿಗೆಲ್ಲ ಗೊತ್ತು. ಇರುಸಿನ ಕಥೆ ಪರೀಕ್ಷೆಗೆ ಬರುವುದಿಲ್ಲ.

ಆತ ಹುಟ್ಟಿದ್ದು 1820ರಲ್ಲಿ, ಎಡಿನ್‌ಬರೋದಲ್ಲಿ. ಆರೋಗ್ಯ ಸರಿಯಿಲ್ಲದ್ದರಿಂದ ಹೆಚ್ಚಿನ ಪಾಠ ಮನೆಯಲ್ಲೇ ಆಯಿತು. 14ನೇ ವಯಸ್ಸಿಗೆ ಸೋದರಮಾವ ಕೊಟ್ಟ ನ್ಯೂಟನ್ನನ ಪ್ರಿನ್ಸಿಪಿಯಾವನ್ನು ಲ್ಯಾಟಿನ್ನಿನಲ್ಲೇ ಓದಿದ. ವಿಶ್ವವಿದ್ಯಾಲಯವನ್ನು ಪದವಿ ಪಡೆಯದೆ ಬಿಟ್ಟು ಐರ್ಲೆಂಡಿನ ರೈಲು ಮಾರ್ಗದಲ್ಲಿ ಕೆಲಸ ಕಲಿತ.

1842ರ ಮೇ 8ರಂದು ವರ್ಸೇಲ್ಸ್‌ನಿಂದ ಪ್ಯಾರಿಸ್ಸಿಗೆ ಜನ ತುಂಬಿಕೊಂಡು ಹೊರಟ ರೈಲಿನ ಮುಂದಿನ ಎಂಜಿನ್ನಿನ ಇರುಸು ಮುರಿಯಿತು. ಬೋಗಿಗಳು ಒಂದರ ಮೇಲೊಂದು ಏರಿ ಬೆಂಕಿ ಹೊತ್ತಿಕೊಂಡಿತು. ಬಾಗಿಲುಗಳಿಗೆ ಬೀಗ ಹಾಕಿತ್ತು. ಐವತ್ತಕ್ಕೂ ಹೆಚ್ಚು ಜನ ಸತ್ತರು. ಓಡಾಟದ ಅದುರಿಗೆ ಕಬ್ಬಿಣದ ನಾರು ಹೋಗಿ ಹರಳುಗಟ್ಟುತ್ತದೆ, ಹಾಗಾಗಿ ಇರುಸು ಥಟ್ಟನೆ ಮುರಿಯುತ್ತದೆ ಎಂಬುದು ಅಂದಿನ ನಂಬಿಕೆ. ಇಪ್ಪತ್ತೆರಡರ ಹರೆಯದ ರ‍್ಯಾಂಕಿನ್ ಅದನ್ನು ಒಪ್ಪಲಿಲ್ಲ. ಇರುಸು ದಪ್ಪದಿಂದ ಸಣ್ಣದಾಗುವ ಚೂಪು ಮೂಲೆಯಲ್ಲಿ ಬಿರುಕು ಹುಟ್ಟುತ್ತದೆ, ಮೆಲ್ಲಗೆ ಒಳಕ್ಕೆ ಹಬ್ಬುತ್ತದೆ, ನಡುವೆ ಉಳಿದ ಕಬ್ಬಿಣಕ್ಕೆ ಭಾರ ತಾಳಲಾಗದ ದಿನ ಮುರಿಯುತ್ತದೆ ಎಂದು 1843ರಲ್ಲಿ ಲಂಡನ್ನಿನ ಸಿವಿಲ್ ಎಂಜಿನಿಯರುಗಳ ಸಂಸ್ಥೆಗೆ ಲೇಖನ ಬರೆದ. ಆ ಮೂಲೆಯನ್ನು ದುಂಡಗೆ ಮಾಡಬೇಕೆಂದು ಸೂಚಿಸಿದ. ಬೋರಿ ಬಂದರಿನಿಂದ ನಮ್ಮ ಥಾಣೆಗೆ ಮೊದಲ ರೈಲು ಬಂದದ್ದು ಇದಾದ ಹತ್ತು ವರ್ಷಕ್ಕೆ. ಇಂದು ಯಲಹಂಕದ ಕಾರ್ಖಾನೆಯಿಂದ ಹೊರಬರುವ ರೈಲಿನ ಇರುಸುಗಳಲ್ಲೂ ಆ ದುಂಡು ಇದೆ. ಹರಳಿನ ಕಥೆ ಮಾತ್ರ ದಶಕಗಳ ಕಾಲ ಸಾಯಲಿಲ್ಲ.

1855ರಲ್ಲಿ ಗ್ಲಾಸ್ಗೋದಲ್ಲಿ ಪ್ರಾಧ್ಯಾಪಕನಾದ. ಮದುವೆಯಾಗಲಿಲ್ಲ. ಹಾಡು ಕಟ್ಟಿ ತಾನೇ ಹಾಡುತ್ತಿದ್ದ. ಮೀಟರ್ ಲೆಕ್ಕವನ್ನು ಗೇಲಿ ಮಾಡಿ ಅಡಿ-ಅಂಗುಲವನ್ನು ಹೊಗಳುವ ಹಾಡೂ ಅದರಲ್ಲಿದೆ!

1869ರಲ್ಲಿ ಮತ್ತೆ ತಿರುಗುವ ಶಾಫ್ಟಿಗೆ ಬಂದ. ಪ್ರತಿ ಶಾಫ್ಟಿಗೂ ತನ್ನದೇ ಒಂದು ವೇಗವಿದೆ, ಅಲ್ಲಿ ಅದು ಬಿಲ್ಲಿನಂತೆ ಬಾಗಿ ಅದುರುತ್ತದೆ. ಆ ವೇಗ ದಾಟಿ ಓಡಿಸಲಾಗದು ಎಂದು ರ‍್ಯಾಂಕಿನ್ ತೀರ್ಮಾನಿಸಿದ. ಅದು ತಪ್ಪಾಗಿತ್ತು. ದಾಟಿದ ಮೇಲೆ ಶಾಫ್ಟ್ ತಾನಾಗಿ ಸುಮ್ಮನಾಗುತ್ತದೆ. ಸ್ವೀಡನ್ನಿನ ಡಿ ಲಾವಲ್ 1889ರಲ್ಲಿ ಟರ್ಬೈನನ್ನು ಹಾಗೆ ಓಡಿಸಿ ತೋರಿಸಿದ. ಏಕೆ ಹಾಗಾಗುತ್ತದೆ ಎಂದು ಜೆಫ್‌ಕಾಟ್ ಸ್ಪಷ್ಟವಾಗಿ ವಿವರಿಸಿದ್ದು 1919ರಲ್ಲಿ. ರ‍್ಯಾಂಕಿನ್ 1872ರ ಡಿಸೆಂಬರ್ 24ರಂದೇ ತೀರಿಕೊಂಡಿದ್ದ.

ಬಿರುಕು ಬಿಟ್ಟ ಶಾಫ್ಟ್ ಪ್ರತಿ ಸುತ್ತಿಗೂ ಭಾರಕ್ಕೆ ಬಾಯಿ ತೆರೆದು ಮುಚ್ಚುತ್ತದೆ. ಅದರಿಂದ ಕಂಪನದ ಗ್ರಾಫಿನಲ್ಲಿ ಸುತ್ತಿಗೆ ಎರಡು ಬಾರಿಯ ಗೆರೆ ಏಳುತ್ತದೆ. ಶಾಫ್ಟುಗಳ ಜೋಡಣೆ ಓರೆಯಾದರೂ ಅದೇ ಗೆರೆ ಏಳುತ್ತದೆ. ನವಿ ಮುಂಬಯಿಯ ಒಂದು ಕಾರ್ಖಾನೆಯ ಪಂಪಿನಲ್ಲಿ ಆ ಗೆರೆ ಕಂಡಾಗ ಜೋಡಣೆಯ ದೋಷ ಎಂದು ಬರೆದುಕೊಟ್ಟೆ. ಅವರು ಸರಿಪಡಿಸಿದರು. ಗೆರೆ ಇಳಿಯಲಿಲ್ಲ, ವಾರದಿಂದ ವಾರಕ್ಕೆ ಏರಿತು. ಕೊನೆಗೆ ನಿಲ್ಲಿಸಿ ಬಿಚ್ಚಿಸಿದೆವು. ಬಿರುಕು ಇದ್ದದ್ದು ಶಾಫ್ಟ್ ಸಣ್ಣದಾಗುವ ಮೂಲೆಯಲ್ಲಿ. ಆ ಮೂಲೆಯನ್ನು ಯಾರೂ ದುಂಡಗೆ ಮಾಡಿರಲಿಲ್ಲ.