ಮಹಾಸ್ಥಪತಿ ಇಮ್ಹೋಟೆಪ್

ಕಟ್ಟಿಸಿದ ಅರಸರ ಹೆಸರು ಉಳಿಯುವುದು ಲೋಕರೂಢಿ. ಕಟ್ಟಿದವರ ಹೆಸರು ಉಳಿಯುವುದು ವಿರಳ. ಅಂತಹ ವಿರಳರಲ್ಲಿ ಪ್ರಾಚೀನ ಈಜಿಪ್ತಿನ ಇಮ್ಹೋಟೆಪ್ ಅಗ್ರಗಣ್ಯನು. ಕ್ರಿ. ಪೂ. ೨೬೫೦ರ ಸುಮಾರಿನಲ್ಲಿ, ಮೂರನೆಯ ರಾಜವಂಶದ ಜೋಸೆರ್ ದೊರೆಯ ಆಸ್ಥಾನದಲ್ಲಿ ಆತನು ಬೆಳಗಿದನು. ಶಾಂತಿಯಿಂದ ಬರುವವನು ಎಂಬುದು ಆ ಹೆಸರಿನ ಅರ್ಥ. ರಾಜಮುದ್ರೆಯ ಅಧಿಕಾರ, ಅರಸನಿಗೆ ಎರಡನೆಯವನೆಂಬ ಸ್ಥಾನ, ಹೀಲಿಯೋಪೊಲಿಸ್ ನಗರದ ಮಹಾಪುರೋಹಿತ ಪದವಿ ಇವೆಲ್ಲವೂ ಆತನಿಗೆ ಸಂದಿದ್ದವು. ಜೋಸೆರನ ಪ್ರತಿಮೆಯ ಪೀಠದಲ್ಲಿಯೇ ಆತನ ಹೆಸರನ್ನೂ ಬಿರುದುಗಳನ್ನೂ ಕೆತ್ತಲಾಗಿದೆ. ೧೯೨೦ರ ದಶಕದಲ್ಲಿ ಸಕ್ಕಾರದ ಉತ್ಖನನದಲ್ಲಿ ದೊರೆತ ಆ ಪೀಠವೇ ಆತನ ಐತಿಹಾಸಿಕತೆಗೆ ಪ್ರಬಲ ಸಾಕ್ಷಿ.

ಅದುವರೆಗೆ ಅರಸರ ಸಮಾಧಿಗಳನ್ನು ಬಿಸಿಲಿನಲ್ಲಿ ಒಣಗಿಸಿದ ಹಸಿ ಇಟ್ಟಿಗೆಗಳಿಂದ, ವಿಶಾಲವಾದ ಜಗಲಿಯ ಆಕಾರದಲ್ಲಿ ಕಟ್ಟುವ ವಾಡಿಕೆಯಿತ್ತು. ಸಕ್ಕಾರದಲ್ಲಿ ಆ ಜಗಲಿಯು ಕಲ್ಲಿನದಾಯಿತು. ಮೊದಲು ೬೩ ಮೀಟರು ಚದರದ, ೮ ಮೀಟರು ಎತ್ತರದ ಕಟ್ಟಡ ಎದ್ದಿತು. ಅದನ್ನು ಹಿಗ್ಗಿಸಿ, ಮೇಲೆ ಮೇಲೆ ಏರಿಸಿ ನಾಲ್ಕು ಮೆಟ್ಟಿಲುಗಳ ರೂಪ ಕೊಡಲಾಯಿತು. ಕೊನೆಗೆ ಆರು ಮೆಟ್ಟಿಲುಗಳಾಗಿ ಅದು ಸುಮಾರು ೬೦ ಮೀಟರು ಎತ್ತರಕ್ಕೆ ನಿಂತಿತು. ಈಜಿಪ್ತಿನ ಮೊದಲನೆಯ ಪಿರಮಿಡ್ ಇದೇ.

ಈ ಕಾರ್ಯದಲ್ಲಿ ಸ್ಥಪತಿಯ ಬುದ್ಧಿಯೂ ಕೆಲಸಗಾರರ ತೋಳೂ ಜೊತೆಗೂಡಿದ್ದವು. ಅವರ ಬಳಿ ಕಬ್ಬಿಣದ ಉಪಕರಣಗಳಿರಲಿಲ್ಲ. ತಾಮ್ರದ ಉಳಿ, ಗಟ್ಟಿಕಲ್ಲಿನ ಗುಂಡು, ಮರದ ಜಾರುಬಂಡಿ, ಹಗ್ಗ ಇವೇ ಅವರ ಸಂಪತ್ತು. ಮೊದಮೊದಲು ಇಟ್ಟಿಗೆಯನ್ನು ಹೋಲುವ ಸಣ್ಣ ಕಲ್ಲುಗಳನ್ನೇ ಬಳಸಿದರು. ಅನುಭವ ಬಲಿತಂತೆ ಕಲ್ಲಿನ ಗಾತ್ರವೂ ಬೆಳೆಯಿತು. ವರಸೆಗಳನ್ನು ಒಳಮುಖವಾಗಿ ಓರೆಯಾಗಿಟ್ಟು, ಭಾರವು ನಡುವಿಗೆ ವಾಲುವಂತೆ ಮಾಡಿದರು. ಹೊರಮೈಗೆ ಬೇಕಾದ ನುಣುಪಾದ ಸುಣ್ಣಕಲ್ಲು ನೈಲ್ ನದಿಯ ಆಚೆ ದಡದ ಟುರಾ ಗಣಿಗಳಿಂದ ಬಂದಿತು. ಶವಗೃಹದ ಗ್ರಾನೈಟು ಶಿಲೆ ದೂರದ ದಕ್ಷಿಣದ ಆಸ್ವಾನಿನಿಂದ ಬಂದಿತು. ನೆಲದಡಿಯಲ್ಲಿ ೨೮ ಮೀಟರು ಆಳದ ಬಾವಿಯನ್ನೂ, ಅದರ ಸುತ್ತ ಒಟ್ಟು ೫ ಕಿಲೋಮೀಟರಿಗೂ ಮಿಗಿಲಾದ ಸುರಂಗಗಳನ್ನೂ ಬಂಡೆಯಲ್ಲಿ ಕೊರೆದರು.

ಆ ಕೈಗಳ ಒಡೆಯರು ಯಾರು? ಬೇಡಿ ತೊಟ್ಟ ಗುಲಾಮರ ಚಿತ್ರವೇ ಬಹುಕಾಲ ಜನರ ಮನಸ್ಸಿನಲ್ಲಿ ನೆಲೆಸಿತ್ತು. ಇಮ್ಹೋಟೆಪನು ತೆರೆದ ದಾರಿಯಲ್ಲಿ ಸುಮಾರು ನೂರು ವರ್ಷಗಳ ತರುವಾಯ ಗೀಜಾದಲ್ಲಿ ಮಹಾಪಿರಮಿಡ್ಡನ್ನು ಕಟ್ಟಿದವರ ವಿಷಯದಲ್ಲಿ ದೊರೆತ ಸಾಕ್ಷ್ಯಗಳು ಆ ಚಿತ್ರವನ್ನು ಅಳಿಸಿವೆ. ೧೯೯೦ರಲ್ಲಿ ಅಲ್ಲಿ ಕೆಲಸಗಾರರ ಸಮಾಧಿಗಳು ಬೆಳಕಿಗೆ ಬಂದವು. ರಾಜನ ಸಮಾಧಿಯ ನೆರೆಯಲ್ಲಿಯೇ ಅವರನ್ನು ಗೌರವದಿಂದ ಹೂಳಲಾಗಿತ್ತು. ಅಸ್ಥಿಗಳಲ್ಲಿ ಭಾರ ಹೊತ್ತ ಸವೆತವಿದೆ; ಮುರಿದು ಮರಳಿ ಕೂಡಿಕೊಂಡ ಮೂಳೆಗಳು ಅವರಿಗೆ ಆರೈಕೆಯೂ ದೊರಕುತ್ತಿತ್ತೆಂದು ಸಾರುತ್ತವೆ. ೨೦೧೩ರಲ್ಲಿ ಕೆಂಪು ಸಮುದ್ರದ ತೀರದಲ್ಲಿ ಸಿಕ್ಕ ಪಪೈರಸ್ ಹಾಳೆಗಳಲ್ಲಿ ಮೆರೆರ್ ಎಂಬ ಮೇಲ್ವಿಚಾರಕನ ದಿನಚರಿಯಿದೆ. ಸುಮಾರು ೪೦ ಜನರ ಆತನ ತಂಡವು ಟುರಾದಿಂದ ಗೀಜಾಕ್ಕೆ ದೋಣಿಗಳಲ್ಲಿ ಕಲ್ಲು ಸಾಗಿಸಿದ ಲೆಕ್ಕವನ್ನು ಅದು ದಿನದಿನಕ್ಕೆ ಒಪ್ಪಿಸುತ್ತದೆ.

ಇಮ್ಹೋಟೆಪನ ಕೀರ್ತಿಯಾದರೋ ಮರಣಾನಂತರ ಬೆಳೆಯುತ್ತಲೇ ಹೋಯಿತು. ಲಿಪಿಕಾರರು ಆತನನ್ನು ತಮ್ಮ ಆದಿಗುರುವೆಂದು ಸ್ಮರಿಸಿದರು. ಎರಡು ಸಾವಿರ ವರ್ಷಗಳ ಬಳಿಕ ಆತನು ರೋಗ ಪರಿಹರಿಸುವ ದೇವತೆಯೆನಿಸಿದನು. ಗ್ರೀಕರು ಆತನಲ್ಲಿ ತಮ್ಮ ವೈದ್ಯದೇವತೆ ಆಸ್ಕ್ಲೀಪಿಯಸನನ್ನೇ ಕಂಡರು. ಸಮಕಾಲೀನ ಪೀಠಶಾಸನದಲ್ಲಿ ಮಾತ್ರ ವೈದ್ಯನೆಂಬ ಬಿರುದಿಲ್ಲ. ಭಕ್ತಿಯು ಮನುಷ್ಯನನ್ನು ದೇವನನ್ನಾಗಿಸುವಾಗ ಆತನ ನಿಜವಾದ ದುಡಿಮೆಯನ್ನು ಮರೆಯಿಸುವುದೂ ಉಂಟು.

ಅರಸನಿಗೆ ಶಾಶ್ವತ ಸಮಾಧಿಯನ್ನು ಕಟ್ಟಿದವನ ಸ್ವಂತ ಸಮಾಧಿ ಇಂದಿಗೂ ದೊರೆತಿಲ್ಲ. ಆಂಗ್ಲ ವಿದ್ವಾಂಸ ವಾಲ್ಟರ್ ಎಮೆರಿಯವರು ೧೯೬೪ರಿಂದ ೧೯೭೧ರಲ್ಲಿ ತಾವು ತೀರಿಕೊಳ್ಳುವವರೆಗೂ ಅದನ್ನು ಸಕ್ಕಾರದಲ್ಲಿ ಅರಸಿದರು. ಆದರೆ ಆ ಮೆಟ್ಟಿಲು ಪಿರಮಿಡ್ ನಿಂತಿದೆ. ೨೦೦೬ರಲ್ಲಿ ತೊಡಗಿದ ಅದರ ಜೀರ್ಣೋದ್ಧಾರ ಮುಗಿದು, ೨೦೨೦ರಲ್ಲಿ ಅದು ಮತ್ತೆ ಸಂದರ್ಶಕರಿಗೆ ತೆರೆಯಿತು. ಅದರ ಮುಂದೆ ನಿಂತವರು ರೂಪಿಸಿದ ಒಬ್ಬನನ್ನು ನೆನೆಯುವಾಗ, ಹೆಸರುಳಿಯದೆ ಕಲ್ಲು ಹೊತ್ತ ಸಾವಿರಾರು ಜನರನ್ನೂ ನೆನೆಯುವುದು ನ್ಯಾಯ.