ಒಲುಮೆಯ ಕವಿ ಅಮೀರ್ ಖುಸ್ರೋ

ಮನುಷ್ಯರು ಒಬ್ಬರನ್ನೊಬ್ಬರು ಏಕೆ ಪ್ರೀತಿಸುತ್ತಾರೆ? ಉಪಕಾರ ಪಡೆದುದಕ್ಕಾಗಿಯೇ, ಗುಣವನ್ನು ಮೆಚ್ಚಿಯೇ, ಅಥವಾ ಒಂದೇ ನೆಲದಲ್ಲಿ ಹುಟ್ಟಿದುದಕ್ಕಾಗಿಯೇ? ತತ್ತ್ವಜ್ಞಾನಿಗಳು ಈ ವಿಷಯವಾಗಿ ಬಹಳ ವಾದಿಸಿದ್ದಾರೆ. ನಾವು ಅವರ ಗೊಡವೆಗೆ ಹೋಗದೆ, ನಮ್ಮ ದಿಲ್ಲಿಯಲ್ಲಿಯೇ ಬಾಳಿದ ಒಬ್ಬ ಮಹಾಕವಿಯ ಜೀವನವನ್ನು ನೋಡೋಣ.

ಅಮೀರ್ ಖುಸ್ರೋ 1253ರಲ್ಲಿ ಗಂಗಾನದಿಯ ಸಮೀಪದ ಪಟಿಯಾಲಿಯಲ್ಲಿ ಜನಿಸಿದನು. ತಂದೆ ತುರ್ಕಿ ಕುಲದ ಯೋಧ. ತಾಯಿ ಈ ದೇಶದವಳು. ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ಹಿಂದಿ, ಪಂಜಾಬಿಗಳನ್ನೂ ಕೇಳುತ್ತ ಪೀತಮ್‌ಪುರದಲ್ಲಿ ಬೆಳೆಯುವ ಬಾಲಕ ಬಾಲಿಕೆಯರಿಗೆ ಇಂತಹ ಬಾಳು ಅಪರಿಚಿತವೇನಲ್ಲ. ಬಾಲ್ಯದಲ್ಲಿಯೇ ತಂದೆ ತೀರಿಕೊಂಡನು. ಬಾಲಕನು ದಿಲ್ಲಿಯಲ್ಲಿ ತಾಯಿಯ ತಂದೆಯ ಆಶ್ರಯದಲ್ಲಿ ಬೆಳೆದನು.

ಕವಿತೆಯೇ ಆತನ ಜೀವನೋಪಾಯವಾಯಿತು. ಆತನನ್ನು ಪೋಷಿಸುತ್ತಿದ್ದ ರಾಜಕುಮಾರ ಮುಹಮ್ಮದನು 1285ರಲ್ಲಿ ಮಂಗೋಲರೊಡನೆ ಹೋರಾಡಿ ಮಡಿದನು. ಖುಸ್ರೋ ಸೆರೆ ಸಿಕ್ಕಿ, ಹೇಗೋ ತಪ್ಪಿಸಿಕೊಂಡು ಬಂದು, ಒಡೆಯನಿಗಾಗಿ ಶೋಕಗೀತೆಯನ್ನು ರಚಿಸಿದನು. ಬಳಿಕ ಅವಧ ಪ್ರಾಂತದಲ್ಲಿ ಉದಾರಿಯಾದ ಬೇರೊಬ್ಬ ಒಡೆಯನು ದೊರೆತನು. ಅಲ್ಲಿ ಯಾವ ಕೊರತೆಯೂ ಇರಲಿಲ್ಲ. ಆದರೂ ದಿಲ್ಲಿಯಲ್ಲಿ ವೃದ್ಧಳಾದ ತಾಯಿಯು ತನಗಾಗಿ ಕೊರಗುತ್ತಿರುವಳೆಂದು ತಿಳಿದು, ಆ ಸುಖದ ಪದವಿಯನ್ನು ಬಿಟ್ಟು ಹಿಂದಿರುಗಿದನು. 1298ರಲ್ಲಿ ತಾಯಿಯೂ ತಮ್ಮನೂ ಮರಣ ಹೊಂದಿದಾಗ, ತಾನು ಆಗ ಬರೆಯುತ್ತಿದ್ದ ಲೈಲಾ ಮಜ್ನೂನರ ಪ್ರೇಮಕಥೆಯಲ್ಲಿಯೇ ಆ ದುಃಖವನ್ನೂ ಸೇರಿಸಿದನು. ಪ್ರೇಮಿಗಳ ಕಥೆಯಲ್ಲಿ ಮಗನ ಅಳಲಿಗೆ ಎಡೆಯೆಲ್ಲಿ ಎಂದು ಪಂಡಿತರು ಕೇಳಬಹುದು; ಖುಸ್ರೋವಿಗೆ ಆ ಎರಡೂ ಒಲುಮೆಗಳು ಬೇರೆಯಾಗಿ ತೋರಿರಲಾರವು.

ಯಮುನೆಯ ದಡದ ಗಿಯಾಸ್‌ಪುರದಲ್ಲಿ ಸಂತ ನಿಜಾಮುದ್ದೀನ್ ಔಲಿಯಾ ವಾಸಿಸುತ್ತಿದ್ದನು. ಬಡವರಿಗೆ ಅನ್ನವಿಡುತ್ತಿದ್ದ ಆತನು ಸುಲ್ತಾನರ ಮುಖವನ್ನು ಮಾತ್ರ ನೋಡಬಯಸುತ್ತಿರಲಿಲ್ಲ. ಖುಸ್ರೋವಾದರೋ ಆಸ್ಥಾನಕವಿ! ಹಗಲು ಅರಮನೆಯ ಊಳಿಗ, ಮನಸ್ಸು ಗುರುವಿನ ಬಳಿ. ಒಮ್ಮೆ ಸುಲ್ತಾನ ಜಲಾಲುದ್ದೀನ್ ಖಿಲ್ಜಿಯು ಸೂಚನೆಯಿಲ್ಲದೆ ಸಂತನನ್ನು ಕಾಣಲು ನಿಶ್ಚಯಿಸಿ, ಆ ಗುಟ್ಟನ್ನು ಕವಿಗೆ ತಿಳಿಸಿದನಂತೆ. ಕವಿಯು ಅದನ್ನು ಗುರುವಿಗೆ ಅರುಹಿದನು. ಗುರುವು ಊರನ್ನೇ ಬಿಟ್ಟು ಹೊರಟುಹೋದನು. ಕೋಪಗೊಂಡ ಸುಲ್ತಾನನು ವಿಚಾರಿಸಿದಾಗ, ಅರಸನು ಮುನಿದರೆ ಪ್ರಾಣ ಹೋದೀತು, ಗುರುವು ಮುನಿದರೆ ಧರ್ಮವೇ ಹೋಗುವುದು ಎಂದು ಖುಸ್ರೋ ವಿನಯದಿಂದ ಬಿನ್ನವಿಸಿದನೆಂದು ಶಿಷ್ಯಪರಂಪರೆಯವರು ಬರೆದಿಟ್ಟಿದ್ದಾರೆ. ಸುಲ್ತಾನನು ದಂಡಿಸಲಿಲ್ಲ.

ಕನ್ನಡಿಗರಾದ ನಾವು ಈ ಕವಿಯ ಎಲ್ಲ ಬರಹವನ್ನೂ ಸಂತೋಷದಿಂದ ಓದಲಾರೆವು. 1311ರಲ್ಲಿ ಮಲಿಕ್ ಕಾಫೂರನು ಹೊಯ್ಸಳರ ದ್ವಾರಸಮುದ್ರದ ಮೇಲೆ ದಂಡೆತ್ತಿ ಬಂದುದನ್ನು ಖುಸ್ರೋ ಗೆದ್ದವರ ಹಿಗ್ಗಿನಿಂದಲೇ ವರ್ಣಿಸಿದ್ದಾನೆ. ಸೋತವರ ನೋವು ಅಲ್ಲಿ ಕಾಣದು. ಆದರೆ 1318ರಲ್ಲಿ ರಚಿಸಿದ ‘ನುಹ್ ಸಿಪಿಹ್ರ್’ ಎಂಬ ಕಾವ್ಯದಲ್ಲಿ ಭಾರತದ ಭಾಷೆಗಳನ್ನು ಎಣಿಸುವಾಗ ಬಂಗಾಳಿ, ತೆಲುಗುಗಳೊಡನೆ ದ್ವಾರಸಮುದ್ರದ ನುಡಿಯನ್ನೂ ಹೆಸರಿಸಿದ್ದಾನೆ. ಅದು ನಮ್ಮ ಕನ್ನಡವೇ. ಅದೇ ಕಾವ್ಯದಲ್ಲಿ ತಾನು ಈ ದೇಶವನ್ನು ಏಕೆ ಪ್ರೀತಿಸುವೆನೆಂಬುದಕ್ಕೆ ಕಾರಣಗಳನ್ನು ಕೊಡುತ್ತಾನೆ. ಮೊದಲನೆಯದು, ಇದು ತಾನು ಹುಟ್ಟಿದ ನೆಲವೆಂಬುದು. ಆಮೇಲೆ ಹವೆ, ಹೂವು, ಹಣ್ಣು, ಇಲ್ಲಿನವರ ಗಣಿತ, ಚದುರಂಗದಾಟ, ಹೀಗೆ ಪಟ್ಟಿ ಬೆಳೆಯುತ್ತದೆ. ಇವೆಲ್ಲ ಇದ್ದುದರಿಂದ ಪ್ರೀತಿ ಹುಟ್ಟಿತೋ, ಪ್ರೀತಿ ಇದ್ದುದರಿಂದ ಇವೆಲ್ಲ ಕಂಡವೋ? ನನಗೆ ಎರಡನೆಯದೇ ಸರಿಯೆನಿಸುತ್ತದೆ.

1325ರಲ್ಲಿ ಖುಸ್ರೋ ಸುಲ್ತಾನ ಗಿಯಾಸುದ್ದೀನ್ ತುಘಲಕನೊಡನೆ ಬಂಗಾಳಕ್ಕೆ ಹೋಗಿದ್ದಾಗ, ಏಪ್ರಿಲ್ ತಿಂಗಳಲ್ಲಿ ಗುರುವು ದೇಹಬಿಟ್ಟನು. ಕವಿಯು ಹಿಂದಿರುಗಿ, ತನ್ನ ಧನವನ್ನು ಹಂಚಿ, ಕಪ್ಪು ಬಟ್ಟೆಯನ್ನುಟ್ಟು ಸಮಾಧಿಯ ಬಳಿ ಕುಳಿತನೆಂದು ಹೇಳುತ್ತಾರೆ. ಆರು ತಿಂಗಳೊಳಗೆ ಆತನೂ ತೀರಿಕೊಂಡನು.

ಪೀತಮ್‌ಪುರದಿಂದ ಮೆಟ್ರೋ ರೈಲಿನಲ್ಲಿ ಕಾಶ್ಮೀರಿ ಗೇಟಿಗೆ ಬಂದು, ಅಲ್ಲಿ ಗಾಡಿ ಬದಲಾಯಿಸಿ ನೆಹರೂ ಕ್ರೀಡಾಂಗಣದ ನಿಲ್ದಾಣದಲ್ಲಿ ಇಳಿದರೆ ನಿಜಾಮುದ್ದೀನ್ ಬಸ್ತಿಯು ದೂರವಿಲ್ಲ. ಗುರುಶಿಷ್ಯರಿಬ್ಬರ ಗೋರಿಗಳೂ ಅಲ್ಲಿ ಒಂದೇ ಆವರಣದಲ್ಲಿವೆ. ಯಾತ್ರಿಕರು ಮೊದಲು ಶಿಷ್ಯನಿಗೆ ವಂದಿಸಿ, ಅನಂತರ ಗುರುವಿನ ಬಳಿಗೆ ಹೋಗುವುದು ಅಲ್ಲಿಯ ರೂಢಿ.